ಲೇಬಲ್ಲಿನ ಮಾನ

"ಕೈ ತೆಗಿಯೇ ಬೇವರ್ಸಿ! ಅದು ಈಗ ನಿನ್ನ ಬೀಡಿ ಅಲ್ಲ, ಸಾಕ್ಷಿ!"

ಮೇಜಿನ ತುದಿಯಲ್ಲಿ ವಾಲಿದ್ದ, ಬೀಡಿ ತುಂಬಿದ ಬಿದಿರಿನ ಗೆರಸೆಯನ್ನು ಸರಿಮಾಡಲು ಹೋದ ನೆಬೀಸಳ ಬೆರಳಿಗೆ ಇನ್ಸ್‌ಪೆಕ್ಟರ್ ಅಚ್ಚುತ ಲಾಠಿಯಿಂದ ಒಂದು ಬಿಟ್ಟ. ಎದುರಿಗೆ ಕೂತಿದ್ದ ಸಾಹೇಬರುಗಳಲ್ಲಿ ಒಬ್ಬಿಬ್ಬರು ಅದನ್ನೂ ಬರೆದುಕೊಂಡರು.

ಅದು ಕೋರ್ಟಲ್ಲ, ಪುತ್ತೂರಿನ ಒಂದು ಮದುವೆ ಮಂಟಪ. ಎಂಬತ್ತಾರನೇ ಇಸವಿ. ಬೀಡಿ ಕಂಪೆನಿಯ ಟ್ರೇಡ್‌ಮಾರ್ಕನ್ನು ಯಾರಾದರೂ ಕದ್ದರೆ ಹೇಗೆ ಹಿಡಿಯಬೇಕು, ಹೇಗೆ ಶಿಕ್ಷಿಸಬೇಕು ಎಂದು ಪುತ್ತೂರು, ಸುಳ್ಯ, ಕಡಬದ ಕಡೆಯ ಜಡ್ಜರಿಗೂ ಪೊಲೀಸರಿಗೂ ತರಬೇತಿ. ಊಟ ಕಂಪೆನಿಯದ್ದು, ಮೈಕು ಕಂಪೆನಿಯದ್ದು, ಪಾಠ ಹೇಳುವ ಮಂಗಳೂರಿನ ವಕೀಲರೂ ಕಂಪೆನಿಯವರೇ. ನ್ಯಾಯ ಮಾತ್ರ ಸರಕಾರದ್ದು.

ನೆಬೀಸ ಮತ್ತು ನಾನು ಕಬಕದಲ್ಲಿ ಪಕ್ಕದ ಮನೆಯವರು. ಕಂಪೆನಿಯ ಗುತ್ತಿಗೆದಾರ ಬೋಜಪ್ಪನ ಬ್ರಾಂಚಿಗೆ ಬೀಡಿ ಕಟ್ಟಿ ಕೊಡುವವರು. ಎಲೆ, ಹೊಗೆಸೊಪ್ಪು ಅವನು ಕೊಡುತ್ತಾನೆ. ಕಟ್ಟಿ ತಂದದ್ದರಲ್ಲಿ ಒಂದಷ್ಟನ್ನು "ಸರಿ ಇಲ್ಲ" ಎಂದು ಪಕ್ಕಕ್ಕೆ ಎಸೆಯುತ್ತಾನೆ. ಎಸೆದದ್ದಕ್ಕೆ ಮಜೂರಿ ಇಲ್ಲ, ಬೀಡಿ ವಾಪಸೂ ಇಲ್ಲ. ಅದು ಹಿಂದಿನ ಕೋಣೆಯಲ್ಲಿ ಕಂಪೆನಿ ಹೆಸರಿನ ಕಳ್ಳ ಲೇಬಲ್ ಸುತ್ತಿಕೊಂಡು ಗುತ್ತಿಗಾರು, ನೆಲ್ಯಾಡಿಯ ಅಂಗಡಿಗಳಿಗೆ ಹೋಗುವುದು ನಮಗೆಲ್ಲ ಗೊತ್ತು. ಬಾಯಿ ಬಿಟ್ಟರೆ ಎಲೆ ಸಿಗುವುದಿಲ್ಲ, ಅದೂ ಗೊತ್ತು.

ಆ ವಾರ ಬೋಜಪ್ಪ ನೆಬೀಸಳ ಅರ್ಧಕ್ಕರ್ಧ ಬೀಡಿ ಎಸೆದ.

"ಬೇಡದ್ದಾದ್ರೆ ನಂಗೆ ಕೊಡಿ ಧನಿ," ಎಂದಳು ಅವಳು.

"ಎಲೆ ನಿನ್ನಪ್ಪಂದಾ?"

"ಕಟ್ಟಿದ ಕೈ ನಂದಲ್ವಾ?"

ಅಷ್ಟು ಹೇಳಿ, ಎಸೆದದ್ದನ್ನೆಲ್ಲ ಗೆರಸೆಗೆ ಬಾಚಿಕೊಂಡು ನಡೆದೇಬಿಟ್ಟಳು.

ತರಬೇತಿಗೆ ತೋರಿಸಲು ಪೊಲೀಸರಿಗೆ ಒಬ್ಬ ಕಳ್ಳ ಬೇಕಿತ್ತು. ಬೋಜಪ್ಪ ಕಳ್ಳಿಯನ್ನು ಒದಗಿಸಿದ. ಮರುದಿನ ಅವನ ಜೀಪಿನಲ್ಲಿ ಬಂದ ಕಳ್ಳ ಲೇಬಲ್ಲಿನ ಕಟ್ಟು ಅಚ್ಚುತನ ಅಂಗಿಯೊಳಗೆ ಹೊಕ್ಕು, ನೆಬೀಸಳ ಅಕ್ಕಿ ಮಡಕೆಯಲ್ಲಿ 'ಸಿಕ್ಕಿತು'. ನಾನು ಬಾವಿಕಟ್ಟೆಯಿಂದ ಎಲ್ಲ ನೋಡಿದೆ.

ಮಂಟಪದಲ್ಲಿ ಚಾ ಬಂತು. ಒಬ್ಬ ಎಳೆಯ ಜಡ್ಜರು ಗೆರಸೆಯಿಂದ ಒಂದು ಬೀಡಿ ತೆಗೆದು ಹಚ್ಚಿದರು.

"ಒಳ್ಳೇ ಉಂಟಲ್ಲ ಮಾರಾಯ್ರೆ! ಇದು ಡೂಪ್ಲಿಕೇಟಾ?"

ಪರೀಕ್ಷೆ ಮಾಡಲು ಇನ್ನೂ ಕೆಲವರು ಮುಂದೆ ಬಂದರು. ಸಾಕ್ಷಿ ಹೊಗೆಯಾಗಿ ಫ್ಯಾನಿನ ಕಡೆ ಏರಿತು.

"ಒಳ್ಳೇದಾದ್ರೆ ಇದಕ್ಕೆ ಮಜೂರಿ ಯಾಕೆ ಕೊಡ್ಲಿಲ್ಲ ಸ್ವಾಮಿ?" ನೆಬೀಸ ಕೇಳಿದಳು.

ಜಡ್ಜರು ವಕೀಲರ ಮುಖ ನೋಡಿದರು. "ಇವಳು ಕೇಳುದಕ್ಕೆ ಸೆಕ್ಷನ್ ಉಂಟಾ?"

"ಅದು ಬೇರೆ ಇಲಾಖೆದು ಸರ್. ಇವತ್ತಿನ ಪಾಠದಲ್ಲಿ ಬರುದಿಲ್ಲ."

ಚಾ ಮುಗಿದ ಮೇಲೆ ಸಾಕ್ಷಿಯನ್ನು ವಿಚಾರಿಸುವುದು ಹೇಗೆ ಎಂಬ ಪಾಠ. ಅದಕ್ಕೆಂದೇ ಬೋಜಪ್ಪ ನನ್ನನ್ನೂ, ನಮ್ಮ ಜೊತೆ ಬೀಡಿ ಕಟ್ಟುವ ನೀಲಾವತಿಯನ್ನೂ ಇನ್ನೂ ಕೆಲವು ಹೆಂಗಸರನ್ನೂ ಜೀಪಿನಲ್ಲಿ ತುಂಬಿಕೊಂಡು ಬಂದಿದ್ದ. ನನ್ನ ಪಾಠ ದಾರಿಯಲ್ಲೇ ಆಗಿತ್ತು: "ಮಡಕೆಯಲ್ಲಿತ್ತು ಅಂತ ಹೇಳು ಕುಮುದಿನಿ. ಇಲ್ದಿದ್ರೆ ಸೋಮವಾರದಿಂದ ಎಲೆಗೆ ಬರುದೇ ಬೇಡ."

"ಲೇಬಲ್ ಎಲ್ಲಿ ನೋಡಿದ್ದಮ್ಮ ನೀನು?" ವಕೀಲರು ಬಹಳ ಮೃದುವಾಗಿ ಕೇಳಿದರು.

ನನಗೆ ಮನೆಯ ಒಲೆ ನೆನಪಾಯಿತು. ನೆಬೀಸ ನನ್ನ ಕಡೆ ನೋಡಲಿಲ್ಲ, ನೆಲ ನೋಡುತ್ತ ಬೆರಳು ನೀವಿಕೊಳ್ಳುತ್ತಿದ್ದಳು. ಕಣ್ಣಲ್ಲಿ ಬೇಡಿದ್ದರೆ ನನಗೆ ಸಿಟ್ಟು ಬಂದು ಸುಳ್ಳು ಹೇಳಿಬಿಡುತ್ತಿದ್ದೆನೋ ಏನೋ.

"ಬೋಜಪ್ಪ ಧನಿಯ ಜೀಪಲ್ಲಿ," ಎಂದೆ. "ಮತ್ತೆ ಈ ಇನ್ಸ್‌ಪೆಕ್ಟ್ರ ಅಂಗಿ ಒಳಗೆ."

ವಕೀಲರು ಒಂದಿಷ್ಟೂ ಅಲ್ಲಾಡದೆ ಸಭೆಯ ಕಡೆ ತಿರುಗಿದರು.

"ನೋಡಿ ಸರ್, ಸಾಕ್ಷಿ ತಿರುಗಿ ಬೀಳುದು ಅಂದ್ರೆ ಇದೇ. ಬಡವರನ್ನು ಕಟಕಟೆಗೆ ತರುವಾಗ ಜಾಗ್ರತೆ ಬೇಕು."

ಎಲ್ಲರೂ ತಲೆ ತಗ್ಗಿಸಿ ಬರೆದುಕೊಂಡರು.

ಪಾಠ ಮುಗಿದ ಮೇಲೆ ಅಂಗಳದಲ್ಲಿ ಬೋಜಪ್ಪ ನನ್ನ ಜುಟ್ಟಿಗೆ ಕೈ ಹಾಕಿದ. "ರಂಡೆ! ಇವತ್ತಿಗೆ ಮುಗೀತು ನಿನ್ನ ಎಲೆ!" ಆ ಹೊತ್ತಿಗೆ ಅಚ್ಚುತ ನೆಬೀಸಳನ್ನು ಪೊಲೀಸ್ ಜೀಪಿಗೆ ತಳ್ಳುತ್ತಿದ್ದ. ನಾನು ಬೋಜಪ್ಪನ ಕೈ ಕೊಡವಿ ಹೋಗಿ ಆ ಜೀಪಿನ ಎದುರು ಕೂತೆ. ಯಾಕೆ ಕೂತೆ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ನೆಬೀಸ ಜೀಪಿನೊಳಗಿದ್ದಳು, ಕೂತೆ. ನೀಲಾವತಿ ಸೆರಗು ಬಿಗಿದುಕೊಂಡು ಬಂದು ನನಗೆ ಅಂಟಿ ಕೂತಳು. ಅವಳ ಹಿಂದೆ ಉಳಿದವರೂ ಬಂದರು.

"ಏಳಿ! ಎಲ್ಲರ ಮೇಲೂ ಕೇಸು ಹಾಕ್ತೇನೆ!" ಅಚ್ಚುತ ಅಬ್ಬರಿಸಿದ.

"ಹಾಕಿ," ಎಂದಳು ನೀಲಾವತಿ. "ಕದ್ದ ಬೀಡಿ ಸೇದಿದವ್ರು ಒಳಗಿದ್ದಾರಲ್ಲ, ಅವರ ಹೆಸರೂ ಬರ್ಕೊಳ್ಳಿ."

ಒಳಗಿನಿಂದ ಮೈಕಿನಲ್ಲಿ ಊಟಕ್ಕೆ ಕರೆಯುತ್ತಿದ್ದರು. ಅಚ್ಚುತ ಮಂಟಪದ ಬಾಗಿಲು ನೋಡಿದ, ನಮ್ಮನ್ನು ನೋಡಿದ, ಡ್ರೈವರನಿಗೆ ಕೈ ಬೀಸಿದ.

ಎಂಜಿನು ಗುರುಗುಟ್ಟಿತು. ಜೀಪು ಒಂದು ಗೇಣು ಮುಂದೆ ಬಂತು. ಅದರ ಬಿಸಿ ನನ್ನ ಮುಖಕ್ಕೆ ತಾಗಿತು.

ಯಾರೂ ಏಳಲಿಲ್ಲ.