ಕ್ಲೆಮೆಂಟ್ ಗುಲಾಮರಾದ ವಾರ

ಮಗಳ ಮದುವೆಗೆ ತಿಂಗಳೂ ಉಳಿದಿರಲಿಲ್ಲ, ನನ್ನ ಗಂಡ ಕ್ಲೆಮೆಂಟ್ ಗುಲಾಮರಾಗಿಬಿಟ್ಟರು. ಗಲ್ಫಿನಲ್ಲಿ ಇವರ ಕೆಲಸದ ಜಾಗವಾದ ಶುಐಬಾದಿಂದ ಬರುವ ಕಂಪನಿ ಬಸ್ಸಿನಲ್ಲಿ ಯಾರೋ ಒಂದು ವಿಡಿಯೋ ತೋರಿಸಿದ್ದರಂತೆ. ಕಾರ್ಡಿನಲ್ಲಿ ಹೆಸರು ಪೂರ್ತಿ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿದ್ದರೆ, ರೋಮನ್ ಕಾನೂನಿನ ಪ್ರಕಾರ ಆ ಮನುಷ್ಯ ಸ್ವಾತಂತ್ರ್ಯ ಕಳೆದುಕೊಂಡ ಗುಲಾಮನಂತೆ. ಇವರು ತಮ್ಮ ಗುರುತಿನ ಕಾರ್ಡು, ಸಿವಿಲ್ ಐಡಿ, ತೆಗೆದು ನೋಡಿದರು. ಎಲ್ಲವೂ ದೊಡ್ಡ ಅಕ್ಷರ. ನನ್ನದೂ ಹಾಗೇ ಇತ್ತು, ಆದರೆ ಮೀನು ಹುರಿಯುತ್ತಿದ್ದ ನನಗೆ ಗುಲಾಮಳಾಗಲು ಪುರುಸೊತ್ತಿರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ನಗಬಹುದಿತ್ತು. ಇಲ್ಲಿ ಉಳಿಯಲು ಬೇಕಾದ ಪರವಾನಗಿ, ಇವರ ಇಕಾಮಾ, ಆ ವಾರವೇ ಮುಗಿಯುವುದರಲ್ಲಿತ್ತು. ಹೆಸರು ಸಣ್ಣ ಅಕ್ಷರಕ್ಕೆ ಬದಲಾಗದೆ ನವೀಕರಣಕ್ಕೆ ಸಹಿ ಹಾಕುವುದಿಲ್ಲವೆಂದು ಹಟ ಹಿಡಿದರು. ಇಕಾಮಾ ಹೋದರೆ ಖಲಾಸ್, ಇಲ್ಲೇ ನಡೆಯುವ ಮದುವೆಗೆ ಮೊದಲೇ ಊರಿನ ವಿಮಾನ ಹತ್ತಬೇಕು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರಿದ್ದಾರೆ. ಇವರಿಗೆ ನೆಗಡಿಯೂ ಬಂದಿರಲಿಲ್ಲ. ನನಗೆ ಸಿಟ್ಟು ಬಂತು, ಆಮೇಲೆ ಹೆದರಿಕೆಯಾಯಿತು.

ಮಗಳು ಕ್ಲಾರಿಸ್ಸಾ ಮಂಗಳೂರಿನಲ್ಲಿ ಕಾನೂನು ಓದಿ, ಈಗ ಇಲ್ಲೇ ಮಿರ್ಕಾಬಿನ ಆಫೀಸೊಂದರಲ್ಲಿ ಕೆಲಸಕ್ಕಿದ್ದಾಳೆ. ಅಪ್ಪನ ಪಕ್ಕ ಕೂತು ವಿಡಿಯೋ ಪೂರ್ತಿ ನೋಡಿದಳು. ರೋಮಿನವರು ಕಲ್ಲಿನಲ್ಲಿ ಚಕ್ರವರ್ತಿಯ ಹೆಸರನ್ನೂ ದೊಡ್ಡ ಅಕ್ಷರದಲ್ಲೇ ಕೆತ್ತುತ್ತಿದ್ದರೆಂದು ಹೇಳಿದಳು. ಸ್ಥಾನ ಕಳೆದುಕೊಳ್ಳುವ ಕಾನೂನು ಅಲ್ಲಿ ಇದ್ದದ್ದು ನಿಜ, ಅಕ್ಷರಕ್ಕೂ ಅದಕ್ಕೂ ಸಂಬಂಧವಿಲ್ಲ. ಅದರಲ್ಲಿ ದೊಡ್ಡದು, ನಡುವಿನದು, ಸಣ್ಣದು ಎಂದು ಮೂರು ಬಗೆ, ಎಲ್ಲದರಲ್ಲೂ ಗುಲಾಮರಾಗುವುದಿಲ್ಲ ಎಂದಳು.

"ಸಣ್ಣದು ಎಂಥದು?" ಇವರು ಕೇಳಿದರು.

"ಒಂದು ಕುಟುಂಬ ಬಿಟ್ಟು ಇನ್ನೊಂದಕ್ಕೆ ಸೇರುವುದು, ಡ್ಯಾಡಿ. ಹಳೆಯ ಕ್ರಮದಲ್ಲಿ ಮದುವೆಯಾದ್ರೆ ಹುಡುಗಿಗೆ ಹಾಗೆ ಆಗ್ತಿತ್ತು."

ಇವರು ಫೋನು ಕೆಳಗಿಟ್ಟರು. "ಹಾಗಾದ್ರೆ ನೀನು ನಮ್ಮವಳಲ್ಲ ಅಂತಲಾ?"

"ಅದು ರೋಮಿನವರ ಕತೆ. ನಾನು ಎಲ್ಲಿಗೂ ಹೋಗುದಿಲ್ಲ. ಆದ್ರೆ ಮದುವೆ ದಿನ ಪಾದ್ರಿಯ ಮುಂದೆ ಆಲ್ತಾರಿಗೆ ಕರ್ಕೊಂಡು ಹೋಗ್ಲಿಕ್ಕೆ ನೀವು ಬೇಕಲ್ಲ?"

ಗುಲಾಮಗಿರಿಯ ಭಯವಲ್ಲ, ಮಗಳು ಹೋಗುವ ಸಂಕಟವೇ ಇವರನ್ನು ತಿನ್ನುತ್ತಿತ್ತೆಂದು ನನಗೆ ಆಗ ತಿಳಿಯಿತು. ಮಾರನೇ ದಿನ ಬೇರೆ ಮಾತಿಲ್ಲದೆ ಸಹಿ ಹಾಕಿದರು.

ಮದುವೆಯ ದಿನ ಇಗರ್ಜಿ ತುಂಬ ನಮ್ಮವರೇ. ಇವರು ಹೊಸ ಸೂಟಿನಲ್ಲಿ, ಪಕ್ಕದಲ್ಲಿ ಬೆಳ್ಳಗೆ ಹೊಳೆಯುವ ಮಗಳು. ನನಗೆ ಸಂತೋಷ ಹಿಡಿಸಲಾರದಷ್ಟು. ಮದುಮಗ ಕ್ಲೇಟನ್ ಕೈ ಚಾಚಿದ. ಇವರು ಮಗಳ ಕೈ ಬಿಡಲಿಲ್ಲ. ಕ್ಲೇಟನ್ ನಗುತ್ತಾ ಕಾದ, ಪಾದ್ರಿಯೂ ಕಾದರು, ಕ್ವಾಯರಿನವರು ಹಾಡಿನ ಮತ್ತೊಂದು ಚರಣ ಹಾಡಿದರು. ಕೊನೆಗೆ ಕ್ಲಾರಿಸ್ಸಾ ಅವರ ಕೆನ್ನೆಗೆ ಮುತ್ತಿಟ್ಟು ಬೆರಳು ಬಿಡಿಸಿಕೊಂಡಳು.

ಇವರು ಬಂದು ಪಕ್ಕದಲ್ಲಿ ಕೂತವರೇ ನನ್ನ ಕೈ ಹಿಡಿದರು. ಪೂಜೆ ಮುಗಿದು ಬ್ಯಾಂಡು ಶುರುವಾದರೂ ಬಿಡಲಿಲ್ಲ.