ಲಾಂಛನದ ಬಿಳಿ ಹಕ್ಕಿ

ಜಮಖಂಡಿಯ ಮರಿಯಮ್ಮನ ಚರ್ಚು ಸಣ್ಣದು. ಇಂಗ್ಲೆಂಡಿನಿಂದ ಬಂದ ಹಳೆಯ ಪದ್ಧತಿಯಂತೆ ಅಲ್ಲಿ ಇಂದಿಗೂ ಧೂಪ ಹಾಕಿ, ಮೇಣದಬತ್ತಿ ಹಚ್ಚಿ, ಚರ್ಚಿನ ಲಾಂಛನ ನೇಯ್ದ ಬಟ್ಟೆಯ ನಿಶಾನೆಯನ್ನು ಮುಂದೆ ಹಿಡಿದು ಮೆರವಣಿಗೆ ಹೊರಡುತ್ತಾರೆ. ಹರೆಯದಿಂದಲೂ ಆ ನಿಶಾನೆ ಹೊತ್ತವರು ಗೂಳಪ್ಪ. ಈಗ ಅವರು ಹಾಸಿಗೆ ಹಿಡಿದಿದ್ದರು. ನಿಶಾನೆಯೂ ಮಡಿಕೆ ಮಡಿಕೆಗೆ ಹರಿದಿತ್ತು. ಹೊಸದನ್ನು ಕಣ್ಣಿಂದ ನೋಡಿ ಹೋಗಬೇಕೆಂಬುದೊಂದೇ ಅವರ ಆಸೆ. ಹಾಗಾಗಿ ಮಗಳು ವಂದನಾ ಹಳೆಯದನ್ನು ಕಟ್ಟಿಕೊಂಡು ಬನಹಟ್ಟಿಗೆ, ಕೈಮಗ್ಗದ ಗುರುಬಸವ್ವನ ಮನೆಗೆ ಬಂದಳು.

ಬಂದವಳು ಒಂದೊಂದಾಗಿ ತಿಳಿಸಿ ಹೇಳಿದಳು. ಲಾಂಛನದ ಗುರಾಣಿಯ ನೀಲಿ ಮರಿಯಮ್ಮನ ಸೆರಗಿನ ಬಣ್ಣ. ಮೇಲಿನ ಬಿಳಿ ಹೂವು ಆಕೆಯ ನಿರ್ಮಲ ಮನಸ್ಸು. ಅಡ್ಡಡ್ಡ ಇಟ್ಟ ಕೀಲಿಕೈಗಳು ಸ್ವರ್ಗದ ಬಾಗಿಲಿನವು. ನಡುವೆ ಮರಿಗಳ ಮೇಲೆ ಕುತ್ತಿಗೆ ಬಾಗಿಸಿದ ದೊಡ್ಡ ಕೊಕ್ಕಿನ ಬಿಳಿ ಹಕ್ಕಿ. ಅದರ ಮಾತು ಬರುವಷ್ಟರಲ್ಲಿ ಬಸ್ಸಿನ ಹೊತ್ತಾಗಿ, ವಂದನಾ ನಿಶಾನೆಯನ್ನು ಅಲ್ಲೇ ಬಿಟ್ಟು ಹೊರಟಳು. ಗುರುಬಸವ್ವನೂ ಕೇಳಲಿಲ್ಲ. ತಾಯಿ, ಮರಿ, ಅದರಲ್ಲಿ ಕೇಳುವುದೇನು?

ಅವಳ ಕಣ್ಣು ನಿಂತದ್ದು ಹಕ್ಕಿಯ ಎದೆಯ ಮೇಲೆ. ಬಿಳಿಯಲ್ಲಿ ಕೆಂಪು ಕದಡಿ, ಮರಿಗಳ ಬಾಯಿಯವರೆಗೂ ಇಳಿದಿತ್ತು. ನೇಕಾರರ ಮನೆಯಲ್ಲಿ ಹುಟ್ಟಿದವಳಿಗೆ ಅದು ಮತ್ತೇನಾಗಿಯೂ ಕಾಣಲಿಲ್ಲ. ಅಂಚಿನ ಕೆಂಪು ನೂಲು ಬಣ್ಣ ಬಿಟ್ಟಿದೆ, ಅಷ್ಟೇ.

“ಬಣ್ಣಾ ಹಾಕಿದಾವ ಕುಡದ ಕುಂತಿದ್ದನೇನ,” ಎಂದು ಗಂಡ ಮಹಾಲಿಂಗಪ್ಪನೂ ನಕ್ಕ.

ತನ್ನ ಕೆಂಪು ನೂಲನ್ನು ನೀರು ತಿಳಿಯಾಗುವವರೆಗೆ ತೊಳೆದು, ಅವಳು ಅಂಚಿಗೆ ಮಾತ್ರ ಬಳಸಿದಳು. ಹಕ್ಕಿಯನ್ನು ಹಾಲಿನಂತೆ ಬಿಳಿ ನೇಯ್ದಳು. ಯಾರದೋ ಹಳೆಯ ತಪ್ಪು ತಿದ್ದಿದೆ ಎಂಬ ಸಮಾಧಾನದಲ್ಲೇ ಬಟ್ಟೆಯನ್ನು ಮಗ್ಗದಿಂದ ಇಳಿಸಿದಳು.

ಅಪ್ಪ ಇವತ್ತು ನಾಳೆ ಎನ್ನುವಂತಿದ್ದಾರೆ ಎಂದು ವಂದನಾಳ ಫೋನು ಬಂತು. ಗುರುಬಸವ್ವ ತಾನೇ ನಿಶಾನೆ ತೆಗೆದುಕೊಂಡು ಜಮಖಂಡಿಗೆ ಹೋಗಿ, ಗೂಳಪ್ಪನವರ ಎದೆಯ ಮೇಲೆ ಹರಡಿದಳು. ಅವರ ಬೆರಳು ನೀಲಿಯ ಮೇಲೆ ಸರಿಯಿತು, ಹೂವಿನ ಮೇಲೆ ಸರಿಯಿತು, ಹಕ್ಕಿಯ ಹತ್ತಿರ ನಿಂತುಬಿಟ್ಟಿತು.

“ಭಾಳ ಛಲೋ ನೇದೀಯವ್ವಾ. ಆದ್ರ ಈ ತಾಯಿ ಮಕ್ಕಳಿಗೆ ಏನೂ ಕೊಟ್ಟಿಲ್ಲಲ್ಲ.”

ವಂದನಾ ತಲೆ ತಗ್ಗಿಸಿಕೊಂಡು, ಅಂದು ಉಳಿದ ಮಾತನ್ನು ಹೇಳಿದಳು. ಮರಿಗಳು ಹಸಿದು ಸಾಯುವ ಹೊತ್ತಿಗೆ ಆ ಹಕ್ಕಿ ತನ್ನೆದೆಯನ್ನು ತಾನೇ ಕುಕ್ಕಿ ರಕ್ತ ಉಣಿಸುತ್ತದಂತೆ. ಯೇಸುಸ್ವಾಮಿ ತನ್ನನ್ನು ಕೊಟ್ಟದ್ದೂ ಹಾಗೆಯೇ. ಅದಕ್ಕೇ ಅದು ಲಾಂಛನದ ನಡುವೆ.

ತಾನು ಕಲೆಯೆಂದು ಬಿಟ್ಟದ್ದು ಆ ರಕ್ತವನ್ನೇ ಎಂದು ಗುರುಬಸವ್ವನಿಗೆ ತಿಳಿಯಿತು. ಮತ್ತೊಂದು ನೇಯುವಷ್ಟು ಕಾಲ ಗೂಳಪ್ಪನವರಿಗೆ ಉಳಿದಿರಲಿಲ್ಲ. ಅವಳು ವಂದನಾಳಿಂದ ಸೂಜಿ ಕೇಳಿ ಪಡೆದು, ಹೊಸ ನಿಶಾನೆಯ ಅಂಚಿನ ತುದಿಯಿಂದ ಕೆಂಪು ಎಳೆಗಳನ್ನು ಬಿಡಿಸಿಕೊಂಡಳು. ಸೂಜಿ ಹಕ್ಕಿಯ ಎದೆಗೆ ಬಂದಾಗ ಕೈ ತಡೆಯಿತು. ಬಿಳಿಗೆ ಕಲೆ ತಾಗದಂತೆ ಜೀವಮಾನವೆಲ್ಲ ಕಾಯ್ದ ಕೈ ಅದು. ಆದರೂ ಚುಚ್ಚಿದಳು. ಎದೆಯಿಂದ ಹನಿಗಳು ಮರಿಗಳ ಬಾಯಿಗೆ ಇಳಿದವು.

“ನೋಡ್ರಿ ಯಣ್ಣಾ, ಇಷ್ಟ ಸಾಕೇನ್ರಿ?”

ಗೂಳಪ್ಪನವರ ಬೆರಳು ಮರಿಯಿಂದ ಮರಿಗೆ ಸರಿಯಿತು.

“ಆ ಕಡೀ ಮರಿಗೂ ಒಂದ ಹನಿ ಹಾಕವ್ವಾ. ಅದು ದೂರ ಕುಂತೈತಿ.”

ಗುರುಬಸವ್ವ ಇನ್ನೊಂದು ಎಳೆಯನ್ನು ಸೂಜಿಗೆ ಪೋಣಿಸಿದಳು. ಕಾಣಲೆಂದು ವಂದನಾ ಅಪ್ಪನ ತಲೆಯನ್ನು ಎತ್ತಿ ಹಿಡಿದಳು.