ಗಿಡ್ಡ ಚಿಪ್

ಅಕ್ಕನ ಗಂಡನ ಕೈಕೆಳಗೆ ಕೆಲಸ ಮಾಡುವವರಿಗೆ ಒಂದು ಸೌಲಭ್ಯವಿದೆ: ಅನ್ಯಾಯಕ್ಕೆ ಹೊರಗಿನವರನ್ನು ಹುಡುಕಬೇಕಾಗಿಲ್ಲ. ನಾದಿನಿ ವರ್ಷಗಟ್ಟಲೆ ಕೂತು ಮಾಡಿದ ಕ್ವಾಂಟಮ್ ಡಾಟ್ ಲೇಸರನ್ನು, ಪ್ರಯೋಗಾಲಯದ ಮುಖ್ಯಸ್ಥನಾದ ಭಾವ ‘ನನ್ನ ಲೇಸರ್’ ಎಂದು ಸಮ್ಮೇಳನದಲ್ಲಿ ತೋರಿಸಿ ಬಂದಿದ್ದ. ಕೊನೆಯ ಸ್ಲೈಡಿನ ವಂದನೆಗಳಲ್ಲಿ, ಪ್ರೊಜೆಕ್ಟರ್ ಕೊಟ್ಟವರ ಕೆಳಗೆ, ಅವಳಿಗೂ ಒಂದಿಷ್ಟು ಜಾಗ ಸಿಕ್ಕಿತ್ತು.

ಅವಳು ಜಗಳವಾಡಲಿಲ್ಲ. ನಾಲ್ಕು ಜನರ ಮುಂದೆ ಅವನ ಬಾಯಿಂದಲೇ ‘ಇದು ಇವಳದು’ ಅನ್ನಿಸಬೇಕು ಎಂದು ಹಲ್ಲು ಕಚ್ಚಿ ಕಾದಳು.

ತಮ್ಮ ಕೇಬಲ್ಲಿಗೆ ಬೇಕಾದ ತರಂಗಾಂತರದ ಬೆಳಕು ಕೊಡುತ್ತದೆಂದು ಕೇಳಿ, ಫೈಬರ್ ಕೇಬಲ್ ಕಂಪನಿಯವರು ಲೇಸರ್ ನೋಡಲು ಬರುತ್ತೇವೆಂದರು. ಭಾವ ಹುರುಪಿನಲ್ಲಿದ್ದ.

“ಚಿಪ್ ಅರ್ಧಕ್ಕೆ ಕತ್ತರಿಸು. ಚಿಕ್ಕದಾದಷ್ಟೂ ಜನ ಬಾಯಿ ಬಿಡ್ತಾರೆ.”

“ಭಾವ, ಡಾಟ್ ಲೇಸರ್‌ಗೆ ಇಷ್ಟು ಗಿಡ್ಡ...”

“ನೀನು ಮೂಗು ಸೋರಿಸ್ಕೊಂಡು ಓಡಾಡ್ತಿದ್ದಾಗಿಂದ ಲೇಸರ್ ಮಾಡ್ತಿದೀನಿ. ನಂಗೇ ಪಾಠನಾ?”

“ಇಲ್ಲ ಭಾವ. ಕತ್ತರಿಸ್ತೀನಿ.”

ಭಾವನ ಕೈ ಪಳಗಿದ್ದು ಹಳೆಯ ಬಗೆಯ ಲೇಸರ್‌ಗಳಲ್ಲಿ. ಅಲ್ಲಿ ಚಿಪ್ ಗಿಡ್ಡವಾಗಿ ತುದಿಗಳಿಂದ ಬೆಳಕು ಹೆಚ್ಚು ಸೋರಿದರೂ, ಕರೆಂಟ್ ಏರಿಸಿ ಗಳಿಕೆಯನ್ನು, ಅಂದರೆ ಒಳಗೆ ಬೆಳಕು ವರ್ಧಿಸುವ ಪ್ರಮಾಣವನ್ನು, ಹೆಚ್ಚಿಸಿ ನಿಭಾಯಿಸಬಹುದು. ಬೆಳಕು ಕೊಡುವ ಅತಿ ಸಣ್ಣ ಅರೆವಾಹಕ ಚುಕ್ಕೆಗಳಾದ ಡಾಟ್‌ಗಳು ಹಾಗಲ್ಲ. ಅವುಗಳ ಕೆಳಗಿನ ಶಕ್ತಿಮಟ್ಟದಲ್ಲಿ ಎಲೆಕ್ಟ್ರಾನುಗಳಿಗೆ ಇರುವ ಜಾಗವೇ ಅಷ್ಟು. ತುಂಬಿತೆಂದರೆ ಗಳಿಕೆ ಅಲ್ಲಿಗೇ ನಿಂತಿತು. ಸೋರಿಕೆಯ ನಷ್ಟ ಅದನ್ನೂ ಮೀರಿದರೆ, ಎಲೆಕ್ಟ್ರಾನುಗಳು ಮೇಲಿನ ಮಟ್ಟದಲ್ಲಿ ತುಂಬಿಕೊಂಡು ಬೇರೆಯೇ ತರಂಗಾಂತರದ ಬೆಳಕು ಕೊಡುತ್ತವೆ. ಎರಡೂ ಕಣ್ಣಿಗೆ ಕಾಣದ ಬೆಳಕೇ, ಹಾಗಾಗಿ ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಅವಳು ಬಹಳ ಅಕ್ಕರೆಯಿಂದ ಚಿಪ್ಪನ್ನು ಅರ್ಧ ಮಾಡಿದಳು.

ಅತಿಥಿಗಳ ಮುಂದೆ ಭಾವ ಕರೆಂಟ್ ಏರಿಸಿದ. ಪವರ್ ಮೀಟರಿನ ಅಂಕಿ ಜಿಗಿಯಿತು. ಚಪ್ಪಾಳೆ ಬಿತ್ತು. ಅದು ಪೂರ್ತಿ ಮುಗಿಯುವವರೆಗೂ ಅವಳೂ ತಟ್ಟಿದಳು.

“ಭಾವ, ತರಂಗಾಂತರನೂ ತೋರಿಸಿಬಿಡಿ. ಅವರು ಅದಕ್ಕೇ ತಾನೆ ಬಂದಿರೋದು?”

ಪರದೆಯ ಮೇಲೆ ಗೆರೆ ಎದ್ದಿತು, ಏಳಬೇಕಾದ ಜಾಗದಲ್ಲಿ ಅಲ್ಲ. ಅಲ್ಲಿ ಬಟಾಬಯಲು.

“ಇದು ನಮ್ಮ ಕೇಬಲ್‌ಗೆ ಆಗೋದಿಲ್ವಲ್ಲ ಸಾರ್,” ಎಂದರು ಕಂಪನಿಯ ಇಂಜಿನಿಯರಮ್ಮ.

ಭಾವ ವೈರು ಅಲ್ಲಾಡಿಸಿದ, ಲೆನ್ಸ್ ಒರೆಸಿದ, ಕರೆಂಟ್ ಇನ್ನಷ್ಟು ಏರಿಸಿದ. ತಪ್ಪು ಜಾಗದಲ್ಲೇ ಗೆರೆ ಇನ್ನೂ ಎತ್ತರವಾಯಿತು.

“ಯಾಕೆ ಹೀಗೆ?” ಇಂಜಿನಿಯರಮ್ಮ ಕೇಳಿದರು.

ಭಾವ ನಾದಿನಿಯ ಕಡೆ ತಿರುಗಿದ. “ನೀನು ಹೇಳೇ!”

“ನಂಗೇನು ಗೊತ್ತು ಭಾವ? ಲೇಸರ್ ನಿಮ್ಮದು.”

“ನಂದಲ್ಲ! ಮೊದಲಿಂದ ಕೊನೇವರೆಗೂ ಮಾಡಿದ್ದು ಇವಳು. ನಾನು ಕೈ ಕೂಡ ಹಾಕಿಲ್ಲ!”

ಹೊಗಳುವಾಗ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ದೂರುವಾಗ ಎಷ್ಟು ಸಲೀಸಾಗಿ ಬಂತು!

“ಹೌದು, ಮಾಡಿದ್ದು ನಾನೇ,” ಎಂದು ಅವಳು ಬೋರ್ಡಿನ ಬಳಿ ಹೋದಳು. “ಗಿಡ್ಡ ಮಾಡು ಅಂದಿದ್ದು ಮಾತ್ರ ಅವರು.”

ಗಳಿಕೆ ಎಲ್ಲಿ ನಿಲ್ಲುತ್ತದೆ, ನಷ್ಟ ಎಲ್ಲಿ ದಾಟುತ್ತದೆ, ಎಷ್ಟು ಉದ್ದದ ಚಿಪ್ಪಾದರೆ ಅವರ ಕೇಬಲ್ಲಿಗೆ ಒಗ್ಗುತ್ತದೆ ಎಂದು ಬರೆದು ತೋರಿಸಿದಳು. ಇಂಜಿನಿಯರಮ್ಮ ಕುರ್ಚಿಯನ್ನು ಅವಳತ್ತ ತಿರುಗಿಸಿಕೊಂಡರು. ಭಾವನ ಮುಖ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಅವಳೊಬ್ಬಳು ಮಾತ್ರ, ಬರೆಯುವುದರ ನಡುವೆ ಆಗಾಗ ತಿರುಗಿ, ಸಾವಕಾಶವಾಗಿ ನೋಡಿದಳು.

ಸಂಜೆ ಅಕ್ಕನ ಫೋನು ಬಂತು.

“ಏನೇ ಮಾಡಿದೆ ಇವರಿಗೆ? ಊಟ ಬೇಡ ಅಂತ ಗೋಡೆ ನೋಡ್ಕೊಂಡು ಕೂತಿದಾರೆ.”

“ಅವರ ಪಾಲು ನಂಗೆ ಎತ್ತಿಡಕ್ಕ, ಈಗಲೇ ಬಂದೆ. ಹೊಟ್ಟೆ ಚುರುಗುಟ್ತಿದೆ.”